ಪಥ್ಯದ ಪಟ್ಟಿ, ಡಯಟ್‌ನ ಲೆಕ್ಕ

ಕನ್ನಡದ ಬಳಗದಲ್ಲಿ ತೂಕ ಇಳಿಸುವ ಮಾತು ಬಂತೆಂದರೆ ಮೊದಲು ಕೇಳುವುದು ‘ಏನೇನು ಬಿಡಬೇಕು?’ ಅಂತ. ಹೊರನಾಡಿನಲ್ಲಿ ಬೇರೆ ಭಾಷೆಯವರ ನಡುವೆ ಇದೇ ಮಾತು ಬಂದಾಗ ಹೆಚ್ಚಾಗಿ ಕಿವಿಗೆ ಬೀಳುವುದು ‘ದಿನಕ್ಕೆ ಎಷ್ಟು ಕ್ಯಾಲೊರಿ?’ ಎಂಬ ಪ್ರಶ್ನೆ. ಅಲ್ಲಿ ಪಥ್ಯ, ಇಲ್ಲಿ ಲೆಕ್ಕ. ಎರಡನ್ನೂ ಕೇಳುತ್ತಾ ಬದುಕುವವರಿಗೆ ಎರಡರ ಹುರುಳೂ ಕಾಣುತ್ತದೆ, ಹುಳುಕೂ ಕಾಣುತ್ತದೆ. ಪಥ್ಯದವರು ಅಳತೆ ಮರೆಯುತ್ತಾರೆ. ಲೆಕ್ಕದವರು ಸರಿಯಾಗಿ ಅಳೆಯಲಾಗದ್ದನ್ನೂ ಅಳೆದಿದ್ದೇವೆ ಎಂದು ನಂಬಿಬಿಡುತ್ತಾರೆ. ತೂಕದ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಈ ಎರಡು ಮರೆವುಗಳಿಂದಲೇ ಹುಟ್ಟಿದವು ಎಂದು ನನಗೆ ಅನಿಸುತ್ತದೆ.

ಪಥ್ಯದಿಂದಲೇ ಶುರು ಮಾಡೋಣ. ‘ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಆದರೂ ಇಳಿಯುತ್ತಿಲ್ಲ’ ಎನ್ನುವ ಮನೆಯಲ್ಲಿ ನೋಡಬೇಕಾದದ್ದು ಎಣ್ಣೆಯ ಬಾಟಲಿ. ಒಂದು ಗ್ರಾಂ ಪಿಷ್ಟದಲ್ಲಾಗಲಿ (ಕಾರ್ಬೋಹೈಡ್ರೇಟ್) ಪ್ರೋಟೀನಿನಲ್ಲಾಗಲಿ ಇರುವುದು ಸುಮಾರು 4 ಕ್ಯಾಲೊರಿ, ಕೊಬ್ಬಿನಲ್ಲಿ 9. ಹದಿನೈದು ಮಿಲಿಲೀಟರ್‌ನ ಒಂದು ದೊಡ್ಡ ಚಮಚ ಎಣ್ಣೆಯೆಂದರೆ 120 ಕ್ಯಾಲೊರಿ. ಕಣ್ಣಂದಾಜಿನಲ್ಲಿ ಬಾಣಲೆಗೆ ಸುರಿದಾಗ ಒಂದು ಚಮಚ ಎರಡಾಗುವುದು ಏನೂ ಕಷ್ಟವಲ್ಲ. ಆ ಎರಡು ಚಮಚವನ್ನು ಕರಗಿಸಲು 70 ಕೆ.ಜಿ. ತೂಗುವವರು ನಾಲ್ಕೈದು ಕಿಲೋಮೀಟರ್ ನಡೆಯಬೇಕು. ಒಳ್ಳೆಯ ಎಣ್ಣೆ, ಗಾಣದ ಎಣ್ಣೆ ಎಂಬ ಮಾತು ಇಲ್ಲಿ ಬರುವುದಿಲ್ಲ. ಕ್ಯಾಲೊರಿ ಎಲ್ಲದರಲ್ಲೂ ಒಂದೇ.

ಇದನ್ನು ಅಳೆಯುವ ಸುಲಭದ ಉಪಾಯವೊಂದಿದೆ. ಸೋಮವಾರ ಬೆಳಿಗ್ಗೆ ಮನೆಯಲ್ಲಿರುವ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವನ್ನೂ ಪಾತ್ರೆ ಸಮೇತ ಅಡುಗೆ ತಕ್ಕಡಿಯ ಮೇಲಿಟ್ಟು ಬರೆದುಕೊಳ್ಳಿ. ಮುಂದಿನ ಸೋಮವಾರ ಮತ್ತೆ ತೂಗಿ. ನಾಲ್ಕು ಜನರ ಮನೆಯಲ್ಲಿ 700 ಗ್ರಾಂ ಇಳಿದಿದ್ದರೆ ತಲೆಗೆ ದಿನಕ್ಕೆ 25 ಗ್ರಾಂ, ಅಂದರೆ 225 ಕ್ಯಾಲೊರಿ. ಕರಿದು ಉಳಿದ ಎಣ್ಣೆಯನ್ನು ಅದರಲ್ಲಿ ಕಳೆಯಬೇಕು, ನಡುವೆ ಹೊಸ ಪೊಟ್ಟಣ ಒಡೆದಿದ್ದರೆ ಕೂಡಿಸಬೇಕು. ಊಟ ಊಟಕ್ಕೂ ತೂಗಿ ಬರೆಯುವುದಕ್ಕಿಂತ ಈ ವಾರದ ಲೆಕ್ಕ ನಂಬಿಕೆಗೆ ಹೆಚ್ಚು ಯೋಗ್ಯ.

ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಅರವತ್ತಕ್ಕೂ ಹೆಚ್ಚು ಕ್ಯಾಲೊರಿ ಇದೆ. ಕರಗಿಸಲು ಹೊರಟವರು ಕೂಡಿಸಿದಂತಾಯಿತು. ‘ಕರಗುವುದು’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಮೈಯೊಳಗಿನ ಕೊಬ್ಬು ಬೆಣ್ಣೆಯ ಹಾಗೆ ಕರಗಿ ಹರಿದುಹೋಗುವುದಿಲ್ಲ. ಅದು ಒಡೆದು ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದರ ಲೆಕ್ಕವನ್ನು ಬಿಡಿಸಿ ತೋರಿಸಿದರು: 10 ಕೆ.ಜಿ. ಕೊಬ್ಬು ಹೋದರೆ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬೆವರಿದರೆ ಹೋಗುವುದು ಬರೀ ನೀರು, ಕುಡಿದೊಡನೆ ಅದು ಮರಳುತ್ತದೆ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯದೇ ಕೊಬ್ಬು ಇಳಿಯುವುದಿಲ್ಲವೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಸ್ನಾಯು ತನಗೆ ಬೇಕಾದ ಕೊಬ್ಬನ್ನು ಹೆಚ್ಚಾಗಿ ರಕ್ತದಿಂದ ಪಡೆಯುತ್ತದೆ, ರಕ್ತಕ್ಕೆ ಅದು ಇಡೀ ಮೈಯಿಂದ ಬರುತ್ತದೆ.

ಅನ್ನದ ಮೇಲಿನ ಆರೋಪವನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಇದನ್ನು ನಂಬಿದವರಿಗೆ ತಕ್ಕಡಿಯೇ ಸಾಕ್ಷಿ ಹೇಳುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ಸುಮಾರು 400ರಿಂದ 500 ಗ್ರಾಂ ಇರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ. ಪಿಷ್ಟ ಬಿಟ್ಟರೆ ಕೆಲವೇ ದಿನಗಳಲ್ಲಿ ಈ ದಾಸ್ತಾನು ಇಳಿಯುತ್ತದೆ, ನೀರೂ ಹೋಗುತ್ತದೆ, ತಕ್ಕಡಿ ಒಂದೆರಡು ಕಿಲೋ ಕಡಿಮೆ ತೋರಿಸುತ್ತದೆ. ಒಂದು ದಿನ ಹೊಟ್ಟೆತುಂಬ ಅನ್ನ ಉಂಡರೆ ಆ ನೀರು ಮರಳಿ ಬರುತ್ತದೆ. ‘ನೋಡಿ, ಅನ್ನ ತಿಂದೊಡನೆ ದಪ್ಪವಾದೆ’ ಎಂದು ನಿರಾಶೆಯಿಂದ ಎಲ್ಲವನ್ನೂ ಕೈಬಿಡುವವರು ಎಷ್ಟೋ ಜನ. ಅವರ ಮೈಯಲ್ಲಿ ಕೊಬ್ಬು ಹೆಚ್ಚಾಗಿರಲಿಲ್ಲ.

ಪಿಷ್ಟ ಬಿಡುವುದು ಒಳ್ಳೆಯದೋ ಕೊಬ್ಬು ಬಿಡುವುದೋ ಎಂಬ ಜಗಳಕ್ಕೆ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡದ 2018ರ ಅಧ್ಯಯನ ಚೆನ್ನಾಗಿ ಉತ್ತರ ಕೊಡುತ್ತದೆ. 609 ಜನ, ಹನ್ನೆರಡು ತಿಂಗಳು. ಊಟದಲ್ಲಿ ಕೊಬ್ಬು ಇಳಿಸಿದವರು ಸರಾಸರಿ 5.3 ಕೆ.ಜಿ., ಪಿಷ್ಟ ಇಳಿಸಿದವರು 6.0 ಕೆ.ಜಿ. ಕಳೆದುಕೊಂಡರು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನನಗೆ ಮುಖ್ಯವೆನಿಸುವುದು ಸರಾಸರಿಗಿಂತ ಅದರ ಒಳಗಿನ ಹರವು. ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗಿಂತ ಹೆಚ್ಚು ಇಳಿದವರಿದ್ದರು, ತೂಕ ಏರಿದವರೂ ಇದ್ದರು. ಪಕ್ಕದ ಮನೆಯವರಿಗೆ ಒಗ್ಗಿದ ಪದ್ಧತಿ ನಮಗೂ ಒಗ್ಗಲೇಬೇಕೆಂದಿಲ್ಲ. ಹದಿನಾರು ಗಂಟೆ ಉಪವಾಸವಿದ್ದು ಎಂಟು ಗಂಟೆಯೊಳಗೆ ಉಣ್ಣುವ ಪದ್ಧತಿಯ ಕಥೆಯೂ ಹೀಗೆಯೇ. 2022ರಲ್ಲಿ ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿದಾಗ, ಒಂದೇ ಕ್ಯಾಲೊರಿ ಮಿತಿಯೊಳಗೆ ಗಂಟೆ ನೋಡಿ ಉಂಡವರಿಗೂ ನೋಡದೆ ಉಂಡವರಿಗೂ ಗಣನೀಯ ಅಂತರ ಬರಲಿಲ್ಲ. ರಾತ್ರಿ ಸುಮ್ಮನೆ ಕುರುಕುವ ಅಭ್ಯಾಸವಿರುವವರಿಗೆ ಗಡಿಯಾರದ ಕಟ್ಟು ನೆರವಾಗಬಹುದು, ಅಷ್ಟೇ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಲ್ಫೊನಿಲ್‌ಯೂರಿಯಾ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಲೇಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಇನ್ನು ಲೆಕ್ಕದವರ ಕಡೆ. ‘ನಾನು ತಿನ್ನುವುದೇ 1,200 ಕ್ಯಾಲೊರಿ, ಆದರೂ ಇಳಿಯುತ್ತಿಲ್ಲ’ ಎನ್ನುವವರನ್ನೇ ಆರಿಸಿ ನ್ಯೂಯಾರ್ಕಿನಲ್ಲಿ ಪರೀಕ್ಷಿಸಿದ ವರದಿ 1992ರಲ್ಲಿ ಪ್ರಕಟವಾಯಿತು. ಅವರು ತಿಂದದ್ದನ್ನು ಸರಾಸರಿ 47 ಶೇಕಡ ಕಡಿಮೆ ಬರೆದಿದ್ದರು, ಮೈ ದಂಡಿಸಿದ್ದನ್ನು 51 ಶೇಕಡ ಹೆಚ್ಚು ಬರೆದಿದ್ದರು. ಚಯಾಪಚಯ, ಅಂದರೆ ಮೈ ಶಕ್ತಿಯನ್ನು ಬಳಸುವ ವೇಗ, ಮಾತ್ರ ಸರಿಯಾಗಿಯೇ ಇತ್ತು. ಇದನ್ನು ಸುಳ್ಳು ಎಂದು ಕರೆಯುವುದು ಅನ್ಯಾಯ. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಗು ತಟ್ಟೆಯಲ್ಲಿ ಬಿಟ್ಟದ್ದನ್ನು ಬಾಯಿಗೆ ಹಾಕಿಕೊಂಡದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಕೈಗಡಿಯಾರ ತೋರಿಸುವ ‘ಕರಗಿದ ಕ್ಯಾಲೊರಿ’ಯೂ ಬರೀ ಅಂದಾಜು. ಅದನ್ನು ನಂಬಿ ಅಷ್ಟನ್ನು ಮತ್ತೆ ತಿಂದರೆ ನಡೆದದ್ದು ತೂಕದ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ ಎಂಬ ಸೂತ್ರವೂ ಹೀಗೆಯೇ ಕೈಕೊಡುತ್ತದೆ. ದಿನಕ್ಕೆ 500 ಕಡಿಮೆ ಮಾಡಿದರೆ ವರ್ಷಕ್ಕೆ ಸುಮಾರು 24 ಕಿಲೋ ಇಳಿಯಬೇಕು ಎಂದು ಕಾಗದ ಹೇಳುತ್ತದೆ. ಆದರೆ ಇಳಿದ ಮೈಗೆ ಬೇಕಾಗುವ ಶಕ್ತಿಯೇ ಕಡಿಮೆ, ನಮಗೆ ಗೊತ್ತಾಗದಂತೆ ಓಡಾಟವೂ ತಗ್ಗುತ್ತದೆ, ಹಸಿವು ಹೆಚ್ಚುತ್ತದೆ. ನಲವತ್ತು ದಾಟಿದ ಮೇಲೆ ಚಯಾಪಚಯ ಕುಸಿಯುತ್ತದೆ ಎಂಬ ನಂಬಿಕೆಗೂ ಆಧಾರ ಸಾಲದು. 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಅಳತೆಗಳನ್ನು ಕೂಡಿಸಿದ 2021ರ ಅಧ್ಯಯನದಲ್ಲಿ, ಮೈಯ ಗಾತ್ರವನ್ನು ಗಣನೆಗೆ ತೆಗೆದುಕೊಂಡಾಗ, 20ರಿಂದ 60ರವರೆಗೆ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

ಹಾಗೆಂದು ‘ಏನು ತಿಂದರೇನು, ಕ್ಯಾಲೊರಿ ಕ್ಯಾಲೊರಿಯೇ’ ಎನ್ನುವುದೂ ಅರ್ಧ ಸತ್ಯ. ಇಲ್ಲಿ ನಮ್ಮ ಪಥ್ಯದವರ ಕೈ ಮೇಲಾಗುತ್ತದೆ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ ತಂಡ ಇಪ್ಪತ್ತು ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಬಡಿಸಿತು. ಮುಂದಿಟ್ಟ ಸಕ್ಕರೆ, ಕೊಬ್ಬು, ನಾರು, ಕ್ಯಾಲೊರಿ ಎಲ್ಲ ಸಮ, ಬೇಕಾದಷ್ಟು ತಿನ್ನಬಹುದು. ಸಿದ್ಧ ಆಹಾರದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಏನು ತಿನ್ನುತ್ತೇವೆ ಎಂಬುದು ಎಷ್ಟು ತಿನ್ನುತ್ತೇವೆ ಎಂಬುದನ್ನು ಎಳೆಯುತ್ತದೆ.

ಡಯಟ್ ಎಂಬ ಮಾತಿನ ಮೂಲ ಗ್ರೀಕ್ ಪದಕ್ಕೆ ‘ಬದುಕುವ ರೀತಿ’ ಎಂದು ಅರ್ಥ. ನಮ್ಮ ಪಥ್ಯದೊಳಗೆ ‘ಪಥ’ ಇದೆ. ಎರಡನ್ನೂ ನಾವು ಮೂರು ತಿಂಗಳ ಶಿಕ್ಷೆಯಾಗಿ ಮಾಡಿಕೊಂಡದ್ದು ಬೇಸರದ ಸಂಗತಿ. ವಾರಕ್ಕೆ ದೇಹತೂಕದ ಅರ್ಧದಿಂದ ಒಂದು ಶೇಕಡ ಇಳಿದರೆ ಸಾಕು. ಅದಕ್ಕಿಂತ ಬಹಳ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವಿದೆ, ಸ್ನಾಯುವೂ ಸವೆಯುತ್ತದೆ. ಸ್ನಾಯು ಉಳಿಸಲು ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕು. ಮೂತ್ರಪಿಂಡದ ತೊಂದರೆ ಇರುವವರು ಈ ಪ್ರೋಟೀನ್ ಪ್ರಮಾಣವನ್ನು ವೈದ್ಯರಿಂದಲೇ ನಿಗದಿ ಮಾಡಿಸಿಕೊಳ್ಳಬೇಕು.

ತೂಕವನ್ನು ದಿನವೂ ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ. ಆದರೆ ದಿನದ ಅಂಕಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಉಪ್ಪು ಹೆಚ್ಚಾದರೆ, ನಿದ್ದೆ ಕೆಟ್ಟರೆ, ಮುಟ್ಟಿನ ಮುಂಚಿನ ದಿನಗಳಲ್ಲಿ ಅದು ಏರುತ್ತದೆ. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ, ಸೊಂಟದ ಸುತ್ತಳತೆಯನ್ನು ಪಕ್ಕದಲ್ಲಿ ಬರೆದಿಡಿ. ನಾಲ್ಕು ವಾರ ಎರಡೂ ಕದಲದಿದ್ದರೆ, ತಟ್ಟೆಯಿಂದ ಇನ್ನೊಂದು ತುತ್ತು ತೆಗೆಯುವ ಮೊದಲು ಎಣ್ಣೆಯ ಬಾಟಲಿಯನ್ನು ಮತ್ತೊಮ್ಮೆ ತಕ್ಕಡಿಯ ಮೇಲಿಡಿ.