ಹಾರಿದ್ದೋ, ಬಿದ್ದದ್ದೋ?

ಹೆದರಿದ ಕನ್ನಡಿಗ ಬೆಚ್ಚಿ ಬೀಳುತ್ತಾನೆ. ಹೆದರಿದ ಇಂಗ್ಲಿಷಿನವನು ಜಂಪ್ ಮಾಡುತ್ತಾನೆ. ಭಯ ಒಂದೇ, ಆದರೆ ಒಬ್ಬ ಕೆಳಗೆ, ಇನ್ನೊಬ್ಬ ಮೇಲೆ. ಇವರಲ್ಲಿ ಯಾರು ಸರಿ ಎಂಬ ವ್ಯಾಜ್ಯವನ್ನು ನಮ್ಮ ಮನೆಯ ಕುಕ್ಕರ್ ಒಂದು ಬೆಳಿಗ್ಗೆ ಇತ್ಯರ್ಥ ಮಾಡಿತು.

ಒಲೆಯ ಪಕ್ಕದಲ್ಲಿ ನಿಂತು ಪತ್ರಿಕೆ ಓದುತ್ತಿದ್ದೆ. ಮೊದಲ ಸೀಟಿ ಎಂದಿನಂತೆ ಮುನ್ಸೂಚನೆ ಕೊಡದೆ ಬಂತು. ನನ್ನ ಭುಜಗಳು ಕಿವಿ ಮುಟ್ಟಿದವು, ಕಣ್ಣು ಮುಚ್ಚಿಕೊಂಡಿತು, ಮಂಡಿ ಬಗ್ಗಿತು. ಲೋಟದಲ್ಲಿದ್ದ ಕಾಫಿ ಮಾತ್ರ ಮೇಲಕ್ಕೆ ಹೋಯಿತು. ಬೆಚ್ಚಿದಾಗ ಮನುಷ್ಯನ ದೇಹ ಕತ್ತು ಒಳಗೆಳೆದುಕೊಂಡು, ಮಂಡಿ ಮಡಚಿ ಕುಗ್ಗುತ್ತದೆ ಎಂದು ವಿಜ್ಞಾನವೂ ಹೇಳುತ್ತದೆ. ಅಂದರೆ ವಿಜ್ಞಾನ ಕನ್ನಡದ ಪರ. ಇಂಗ್ಲಿಷಿನ ಪರ ನಿಂತದ್ದು ಕಾಫಿಯೊಂದೇ.

ಅದು ಹೋಗಿ ಬಿದ್ದದ್ದು ಚಿನ್ನದ ಬೆಲೆಯ ಸುದ್ದಿಯ ಮೇಲೆ. ಬೆಲೆ ಏರಿದ ದಿನ ಇಂಗ್ಲಿಷ್ ಪತ್ರಿಕೆಗಳ ಉತ್ಸಾಹ ನೋಡಬೇಕು: ಲೀಪ್, ಸರ್ಜ್, ಸೋರ್, ಝೂಮ್. ನಮ್ಮವರೂ ಹಿಂದೆ ಬಿದ್ದಿಲ್ಲ. ಜಿಗಿತ, ನೆಗೆತ, ಗಗನಮುಖಿ. ಇಳಿದ ದಿನ ಮಾತ್ರ ಮೂಲೆಯಲ್ಲಿ ‘ಅಲ್ಪ ಇಳಿಕೆ’. ಕರ್ನಾಟಕದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹೈಜಂಪ್ ಮಾಡಿ ರಾಷ್ಟ್ರೀಯ ದಾಖಲೆ ಬರೆದರು, ಆದರೆ ಅವರೂ ಮರುಕ್ಷಣ ಹಾಸಿಗೆಯ ಮೇಲೆ ಇಳಿಯಲೇಬೇಕಾಯಿತು. ಹಾರಿದವರು ಇಳಿಯಬೇಕೆಂಬ ನಿಯಮವನ್ನು ಚಿನ್ನಕ್ಕೆ ಯಾರೂ ತಿಳಿಸಿದಂತಿಲ್ಲ.

ಹಾಸಿಗೆ ಎಂದಾಗ ಮಂಚ ನೆನಪಾಯಿತು. ರಾತ್ರಿ ಕತ್ತಲಲ್ಲಿ ಕಾಲಿನ ಕಿರುಬೆರಳನ್ನು ಹುಡುಕಿಕೊಂಡು ಬರುವ ಮಂಚದ ಕಾಲು ಎಲ್ಲರ ಮನೆಯಲ್ಲೂ ಇರುತ್ತದೆ. ಟ್ರಿಪಲ್ ಜಂಪ್‌ನಲ್ಲಿ ಮೂರು ಹಂತಗಳಿವೆ: ನೆಗೆದ ಕಾಲಿನ ಮೇಲೆಯೇ ಇಳಿದರೆ ಹಾಪ್, ಇನ್ನೊಂದು ಕಾಲಿನ ಮೇಲೆ ಇಳಿದರೆ ಸ್ಟೆಪ್, ಕೊನೆಗೆ ಮರಳಿಗೆ ಜಂಪ್. ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಹೀಗೆ 18.29 ಮೀಟರ್ ದಾಟಿ ವಿಶ್ವದಾಖಲೆ ಮಾಡಿದರು. ಮಂಚದಿಂದ ನೋವಿನ ಮುಲಾಮಿನ ಡಬ್ಬಿಯವರೆಗಿನ ನನ್ನ ಪ್ರಯಾಣ ಪೂರ್ತಿ ಹಾಪ್. ಸ್ಟೆಪ್‌ಗೆ ಬೇಕಾದ ಇನ್ನೊಂದು ಕಾಲು ಕೈಯಲ್ಲಿತ್ತು. ದೀಪ ಹಾಕಿದ ಮಗಳು, ಈ ಹೊತ್ತಿನಲ್ಲಿ ಯಾರ ಜೊತೆ ಕುಂಟಾಬಿಲ್ಲೆ ಎಂದು ಕೇಳಿ ಮತ್ತೆ ಮಲಗಿದಳು.

ಇವೆಲ್ಲ ಸ್ವಂತ ಕಾಲಿನ ಕೆಲಸ. ಬಸ್ಸಿನ ಕೊನೆಯ ಸೀಟಿನಲ್ಲಿ ಕಾಲಿಗೆ ಕೆಲಸವೇ ಇಲ್ಲ. ಆ ಸೀಟು ಹಿಂದಿನ ಚಕ್ರಗಳಿಗಿಂತ ಹಿಂದೆ ಚಾಚಿಕೊಂಡಿರುವುದರಿಂದ ಹಂಪ್ ಸಿಕ್ಕಾಗ ಚಕ್ರ ಏರಿದ್ದಕ್ಕಿಂತ ಹೆಚ್ಚು ಎತ್ತರಕ್ಕೆ ಏರುತ್ತದೆ. ಮುಂದೆ ಕುಳಿತವರಿಗೆ ತೂಗುವ ತೊಟ್ಟಿಲು, ಹಿಂದಿನವರಿಗೆ ರಾಕೆಟ್ ಉಡಾವಣೆ. ಚಾಲಕರು ಹಂಪ್ ನೋಡಿಲ್ಲವೆಂದು ಹೇಳುವಂತಿಲ್ಲ. ನೋಡಿಯೇ ವೇಗ ಹೆಚ್ಚಿಸಿದರೆಂದು ನನ್ನ ಗುಮಾನಿ. ನಾನು ಎದ್ದು, ಪಕ್ಕದವರ ಬಾಳೆಹಣ್ಣಿನ ಚೀಲದ ಮೇಲೆ ಇಳಿದೆ. ಇನ್ಸಲ್ಟ್ ಎಂಬ ಪದಕ್ಕೆ ಲ್ಯಾಟಿನ್ ಮೂಲದಲ್ಲಿ ‘ಮೇಲೆ ಹಾರುವುದು’ ಎಂಬ ಅರ್ಥವಿದೆ. ಹಾರಿದವನು ನಾನು, ಇನ್ಸಲ್ಟ್ ಮಾಡಿದವರು ಅವರು. ಮುಂದಿನ ನಿಲ್ದಾಣದವರೆಗೂ ಮಾಡಿದರು.

ಇನ್ನು ಜಂಪರ್. ಇಂಗ್ಲೆಂಡಿನಲ್ಲಿ ಅದು ಚಳಿಗೆ ಹಾಕುವ ಸ್ವೆಟರ್. ಗಿಡ್ಡ ಕೋಟಿಗಿದ್ದ ಹಳೆಯ ಹೆಸರೊಂದರಿಂದ ಬಂದದ್ದಂತೆ, ಹಾರುವುದಕ್ಕೂ ಅದಕ್ಕೂ ನಂಟಿಲ್ಲ. ಕರ್ನಾಟಕಕ್ಕೆ ಬಂದು ನಮ್ಮ ಅಜ್ಜಿಯ ತಲೆಮಾರಿನ ಬಾಯಲ್ಲಿ ಅದು ರವಿಕೆಯಾಯಿತು. ವಿದ್ಯುತ್ ಕಂಬದ ಮೇಲೆ ಒಂದು ತಂತಿಯಿಂದ ಇನ್ನೊಂದಕ್ಕೆ ಕರೆಂಟು ದಾಟಿಸುವ ಗಿಡ್ಡ ತುಂಡೂ ಜಂಪರ್ರೇ.

ಒಂದು ಮಳೆಗಾಲದ ಸಂಜೆ ಊರಿನಲ್ಲಿ ಕರೆಂಟು ಹೋಯಿತು. ಲೈನ್‌ಮನ್ ಬಂದು ಕಂಬಕ್ಕೆ ಟಾರ್ಚ್ ಹಾಯಿಸಿ, “ಗಾಳಿಗೆ ಜಂಪರ್ ಕಿತ್ತುಹೋಗಿದೆ” ಎಂದು ಕೂಗಿದ.

ಒಳಗಿನಿಂದ ಅಜ್ಜಿ, “ಯಾರದು?” ಎಂದಳು.

“ಇಡೀ ಬೀದಿಯದು ಅಜ್ಜಿ. ಕತ್ತಲಲ್ಲಿ ಆಗುವುದಿಲ್ಲ, ಬೆಳಿಗ್ಗೆ ನಾನೇ ಬಂದು ಹಾಕುತ್ತೇನೆ.”

ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಜ್ಜಿ ಕೊಡೆ ಹಿಡಿದು ಅಂಗಳಕ್ಕಿಳಿದು, ಹಗ್ಗದ ಮೇಲಿದ್ದ ತನ್ನ ಒಗೆದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಬಂದಳು. ಕಿತ್ತುಹೋದದ್ದು ಕಂಬದ ಜಂಪರ್ ಎಂದು ಬಿಡಿಸಿ ಹೇಳಿದೆ.

“ಕಂಬಕ್ಕೆ ಹೊಲಿಸಿಕೊಟ್ಟವರು ಯಾರು?” ಎಂದಳು.