‘ಪೋರ್ಷನ್‌ನಲ್ಲಿ ಇಲ್ಲ’ ಅಂದುಬಿಟ್ಟರೆ ಮುಗೀತಾ?

ಭಾನುವಾರದಿಂದ ತಲೆ ಬಿಸಿಯಾಗಿದೆ. ಬರೆಯದೆ ಇದ್ದರೆ ಸಮಾಧಾನ ಇಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ನಾನು ಹತ್ತನೇ ಕ್ಲಾಸಿನವರಿಗೆ ಧರ್ಮೋಪದೇಶ, ಅಂದರೆ ಕಥೋಲಿಕ ವಿಶ್ವಾಸದ ಪಾಠ, ಹೇಳಿಕೊಡುವುದು ನಿಮಗೆಲ್ಲ ಗೊತ್ತೇ ಇದೆ. ಮುಂಬೈಗೆ ಬಂದ ಮೇಲೆ ಏನೇನೋ ಕೆಲಸ ಹಿಡಿದೆ, ಬಿಟ್ಟೆ. ಇದನ್ನು ಮಾತ್ರ ಬಿಟ್ಟಿಲ್ಲ. ಈಗ ನಡೆಯುತ್ತಿರುವ ಪಾಠ ಮನಸ್ಸಾಕ್ಷಿ. ಪರೀಕ್ಷೆ ಹತ್ತಿರ ಬಂತು ಅಂತ ಎರಡು ಕ್ಲಾಸು ಒಟ್ಟು ಸೇರಿಸಿ ರಿವಿಷನ್ ಇಟ್ಟಿದ್ದರು. ನಡೆಸಿದವರು ನನಗಿಂತ ಹಿರಿಯರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು, ಮನಸ್ಸಾಕ್ಷಿ ಅಂದರೇನು ಅನ್ನುವುದನ್ನು ಉಸಿರು ಬಿಡದೆ ಒಪ್ಪಿಸಿದರು. ಒಂದಕ್ಷರ ಆಚೀಚೆ ಇಲ್ಲ. ಎಲ್ಲರಿಗೂ ಚಪ್ಪಾಳೆ.

ಆಮೇಲೆ ಒಬ್ಬಳು ಕೈ ಎತ್ತಿದಳು. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ.) ಅವಳದ್ದು ಶಾಲೆಯ ಪ್ರಾಕ್ಟಿಕಲ್ ಜರ್ನಲ್ (ಪ್ರಯೋಗಗಳನ್ನು ಬರೆಯುವ ಪುಸ್ತಕ) ವಿಷಯ. ಪೀನ ಮಸೂರದ ಸಂಗಮದೂರ ಕಂಡುಹಿಡಿಯುವ ಪ್ರಯೋಗ ಇದೆಯಲ್ಲ, ಅದು. ಕಿಟಕಿಯ ಹೊರಗಿನ ಕಟ್ಟಡವನ್ನು ಮಸೂರದಿಂದ ಬಿಳಿ ಕಾಗದದ ಮೇಲೆ ಬೀಳಿಸಬೇಕು. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಸಮೇತ ಇಡೀ ಕಟ್ಟಡ ತಲೆಕೆಳಗಾಗಿ ಕಾಣುತ್ತದೆ. ಅದು ಸ್ಪಷ್ಟವಾಗಿ ಕಂಡ ಕಡೆ ಕಾಗದ ನಿಲ್ಲಿಸಿ, ಮಸೂರದಿಂದ ಕಾಗದಕ್ಕೆ ಎಷ್ಟು ದೂರ ಅಂತ ಸ್ಕೇಲಿನಲ್ಲಿ ಅಳೆಯಬೇಕು. ಅದೇ ಸಂಗಮದೂರ. ಇವಳಿಗೆ 9.4, 9.7, 9.5 ಸೆಂಟಿಮೀಟರ್ ಬಂತು. ಬಂದದ್ದನ್ನು ಬರೆದಳು. ಉಳಿದವರು ಹೋದ ವರ್ಷದವರ ಜರ್ನಲ್ ನೋಡಿ 10, 10, 10 ಅಂತ ಬರೆದರು. ಹಾಗೆ ಬರೆಯಿರಿ ಅಂದದ್ದು ಲ್ಯಾಬ್ ಟೀಚರೇ. ಮಸೂರದ ಡಬ್ಬಿಯ ಮೇಲೆ 10 ಅಂತ ಇತ್ತಂತೆ. ಇವಳ ಅಂಕಿಗಳ ಮೇಲೆ ಕೆಂಪು ಗೀಟು ಬಿತ್ತು. ಮಾರ್ಕೂ ಹೋಯಿತು.

ಅವಳು ಕೇಳಿದ್ದು ಇಷ್ಟೇ. ‘ಸರ್, ಟೀಚರ್ ಹೇಳಿದ್ದಕ್ಕೆ ಬರೆದರೆ ಅದು ಸುಳ್ಳಾಗುತ್ತಾ? ಸುಳ್ಳಾದರೆ ಪಾಪ ಯಾರಿಗೆ, ಬರೆದವರಿಗಾ, ಬರೆಸಿದವರಿಗಾ? ಬೋರ್ಡಿನ ಪ್ರಾಕ್ಟಿಕಲ್‌ನಲ್ಲಿ ನಾನೂ 10 ಅಂತ ಬರೀಬೇಕಾ?’

ಆ ಹಿರಿಯರು ಅಂದರು, ‘ಅದು ಪರೀಕ್ಷೆಯ ಪೋರ್ಷನ್‌ನಲ್ಲಿ ಇಲ್ಲ ಮಗಾ. ದೇವರ ಹತ್ತು ಕಟ್ಟಳೆಯಲ್ಲಿ ಎಂಟನೆಯದು ಯಾವುದು, ಹೇಳು.’

ಹೇಳಿದಳು. ಸುಳ್ಳು ಸಾಕ್ಷಿ ಹೇಳಬೇಡ. ಕೂತುಕೊಂಡಳು.

ನನ್ನ ಮೈ ಉರಿದುಹೋಯಿತು. ಮನಸ್ಸಾಕ್ಷಿಯ ವ್ಯಾಖ್ಯೆ ಗಿಳಿಪಾಠ ಒಪ್ಪಿಸಿದವರಿಗೆ ಚಪ್ಪಾಳೆ. ನಿಜವಾಗಿ ಮನಸ್ಸಾಕ್ಷಿ ಚುಚ್ಚಿ ಎದ್ದುನಿಂತ ಒಬ್ಬಳೇ ಹುಡುಗಿಗೆ ಕೂತ್ಕೋ. ಹಾಗಾದರೆ ನಾವು ಕಲಿಸುತ್ತಿರುವುದು ಏನು? ಆ ಹಿರಿಯರು ಕೆಟ್ಟವರಲ್ಲ. ಮಳೆಗಾಲದಲ್ಲಿ ಟ್ರೈನ್ ನಿಂತರೂ ನಡೆದೇ ಬಂದು ಪಾಠ ಮಾಡಿದವರು. ಅದಕ್ಕೇ ನನಗೆ ಇನ್ನೂ ಸಂಕಟ. ಒಳ್ಳೆಯವರೇ ಹೀಗೆ ಅಂದರೆ ಮಕ್ಕಳು ಯಾರನ್ನು ಕೇಳಬೇಕು?

ಅವಳ ಪ್ರಶ್ನೆ ಪೋರ್ಷನ್‌ನಲ್ಲಿ ಇಲ್ಲ ಅನ್ನುವುದೇ ತಪ್ಪು. ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಹೊರತಂದ ಕಥೋಲಿಕ ಧರ್ಮೋಪದೇಶ ಗ್ರಂಥವನ್ನು ತೆರೆದು ನೋಡಿ. ಒಂದು ಕೆಲಸ ಒಳ್ಳೆಯದೋ ಕೆಟ್ಟದ್ದೋ ಅಂತ ತೂಗಲು ಮೂರು ವಿಷಯ ನೋಡಬೇಕು ಅನ್ನುತ್ತದೆ. ಮಾಡಿದ್ದೇನು, ಯಾಕೆ ಮಾಡಿದ್ದು, ಯಾವ ಸಂದರ್ಭದಲ್ಲಿ ಮಾಡಿದ್ದು. ಜರ್ನಲ್ ವಿಷಯಕ್ಕೆ ಇದನ್ನೇ ಹಚ್ಚಿ. ಮಾಡಿದ್ದು, ಅಳೆಯದೇ ಇದ್ದದ್ದನ್ನು ಅಳೆದೆ ಅಂತ ಬರೆದದ್ದು. ಮಾಡಿದ್ದು ಮಾರ್ಕಿಗಾಗಿ. ಸಂದರ್ಭ ಏನು? ಹೇಳಿದವರು ಟೀಚರ್. ಪ್ರಾಕ್ಟಿಕಲ್‌ನ 20 ಅಂಕ ಅವರ ಕೈಯಲ್ಲಿದೆ. ಹದಿನೈದು ವರ್ಷದ ಮಕ್ಕಳಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಸಂದರ್ಭದಿಂದ ಮಾಡಿದವರ ಹೊಣೆ ಕಡಿಮೆಯಾಗಬಹುದು, ಆದರೆ ತಪ್ಪು ಸರಿಯಾಗುವುದಿಲ್ಲ ಅಂತ ಅದೇ ಗ್ರಂಥ ಹೇಳುತ್ತದೆ. ಇನ್ನೊಬ್ಬರಿಗೆ ತಪ್ಪು ಮಾಡು ಅಂತ ಹೇಳಿದವರಿಗೂ, ಸಲಹೆ ಕೊಟ್ಟವರಿಗೂ, ಶಾಭಾಸ್ ಅಂದವರಿಗೂ ಆ ಪಾಪದಲ್ಲಿ ಪಾಲಿದೆ ಅಂತಲೂ ಹೇಳುತ್ತದೆ. ಹುಡುಗಿ ಕೇಳಿದ ಮೊದಲ ಎರಡು ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಮೂರನೆಯದಕ್ಕೆ, ಬೋರ್ಡ್ ಪರೀಕ್ಷೆಯಲ್ಲಿ ಏನು ಮಾಡಬೇಕು ಅನ್ನುವುದಕ್ಕೆ, ಅವಳ ಜೊತೆ ಕೂತು ಯೋಚಿಸಬೇಕು. ಅಲ್ಲಿ ವಿವೇಕ ಬೇಕು, ಧೈರ್ಯ ಬೇಕು. ಉಳಿದ ಸದ್ಗುಣಗಳ ಸಾರಥಿ ವಿವೇಕವೇ ಅಂತ ನಾವೇ ಬೋರ್ಡಿನ ಮೇಲೆ ಬರೆದು ಕಲಿಸುತ್ತೇವೆ. ಸಾರಥ್ಯ ಮಾಡುವ ಹೊತ್ತು ಬಂದಾಗ ಕುದುರೆ ಬಿಚ್ಚಿಬಿಡುತ್ತೇವೆ.

ಕ್ಲಾಸು ಮುಗಿದ ಮೇಲೆ ಆ ಹಿರಿಯರ ಹತ್ತಿರ ಮಾತಾಡಿದೆ. ಅವರ ವಾದ ಹೊಸದೇನಲ್ಲ, ನಮ್ಮಲ್ಲಿ ತುಂಬಾ ಜನ ಹೇಳುವುದೇ. ‘ಈ ವಯಸ್ಸಿಗೆ ಮೊದಲು ನಿಯಮ ಗೊತ್ತಾಗಲಿ. ಈಗಲೇ ಚರ್ಚೆಗೆ ಬಿಟ್ಟರೆ ಸರಿ ತಪ್ಪು ಎಲ್ಲ ಅವರವರ ಇಷ್ಟ ಅಂದುಕೊಳ್ಳುತ್ತಾರೆ.’ ಇದರಲ್ಲಿ ಒಂದಿಷ್ಟು ನಿಜ ಇದೆ. ಊರಿನಲ್ಲಿ ದೊತೊರ್ನ್ (ಕೊಂಕಣಿಯ ಧರ್ಮೋಪದೇಶ) ಬಾಯಿಪಾಠ ಮಾಡಿಯೇ ಬೆಳೆದವಳು ನಾನು. ಹತ್ತು ಕಟ್ಟಳೆ ಗೊತ್ತಿಲ್ಲದ ಮಗುವಿನ ಹತ್ತಿರ ಏನು ಚರ್ಚೆ ಮಾಡುವುದು? ಆದರೆ ಈ ಮಕ್ಕಳಿಗೆ ಕಟ್ಟಳೆ ಗೊತ್ತಿದೆ ಅಲ್ವಾ! ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮುಂದಿನ ಹೆಜ್ಜೆ ಯಾವಾಗ? ದೃಢೀಕರಣ ಸಂಸ್ಕಾರಕ್ಕೆ ಇವರನ್ನು ಸಾಲಾಗಿ ನಿಲ್ಲಿಸಿ, ನೀವು ಇನ್ನು ವಿಶ್ವಾಸದಲ್ಲಿ ಬೆಳೆದವರು ಅನ್ನುತ್ತೇವೆ. ಪ್ರಶ್ನೆ ಕೇಳಿದರೆ ಮಾತ್ರ ಇನ್ನೂ ಚಿಕ್ಕವರು.

ಇನ್ನು, ಯೋಚಿಸಲು ಕಲಿಸಿದರೆ ಮಕ್ಕಳು ಸಡಿಲ ಆಗುತ್ತಾರೆ ಅನ್ನುವುದಂತೂ ನನ್ನ ಅನುಭವಕ್ಕೆ ಉಲ್ಟಾ. ಮನಸ್ಸಾಕ್ಷಿ ಅಂದರೆ ನನಗೆ ಅನ್ನಿಸಿದ್ದೇ ಸರಿ ಅಂತ ಕಥೋಲಿಕ ಧರ್ಮಸಭೆ ಯಾವತ್ತೂ ಹೇಳಿಲ್ಲ. ಮನಸ್ಸಾಕ್ಷಿಯೂ ತಪ್ಪಬಹುದು, ಅದನ್ನು ದೇವರ ವಾಕ್ಯದಿಂದ, ಧರ್ಮಸಭೆಯ ಬೋಧನೆಯಿಂದ, ತಿಳಿದವರ ಸಲಹೆಯಿಂದ ತಿದ್ದಿ ಬೆಳೆಸಬೇಕು ಅನ್ನುತ್ತದೆ. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಕೆಲವು ಕೆಲಸಗಳು ಯಾವಾಗಲೂ ತಪ್ಪೇ ಅನ್ನುತ್ತದೆ. ಒಮ್ಮೆ ಏನು, ಯಾಕೆ, ಯಾವ ಸಂದರ್ಭದಲ್ಲಿ ಅನ್ನುವ ಆ ಮೂರು ಪ್ರಶ್ನೆ ಕೈಗೆ ಕೊಟ್ಟು ನೋಡಿ, ಮಕ್ಕಳು ತಮ್ಮನ್ನೇ ಎಷ್ಟು ಕಟ್ಟುನಿಟ್ಟಾಗಿ ಅಳೆದುಕೊಳ್ಳುತ್ತಾರೆ ಅಂತ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಅನಾಥಾಶ್ರಮಕ್ಕೆ ಹೋದಾಗ ತೆಗೆದ ಸೆಲ್ಫಿಗಳನ್ನು ತಾನಾಗಿಯೇ ಅಳಿಸಿದ. ದಾನ ಮಾಡುವಾಗ ತುತ್ತೂರಿ ಊದಬೇಡ ಅಂತ ಮತ್ತಾಯನ ಶುಭಸಂದೇಶದಲ್ಲಿ ಇರುವುದು ಇದೇ ತಾನೆ ಟೀಚರ್, ಅಂದ. ನಾನು ಅಳಿಸು ಅಂತ ಹೇಳಿರಲಿಲ್ಲ.

ಮನಸ್ಸಾಕ್ಷಿಯ ಪಾಠಕ್ಕೆ ನಾನು ಯಾವಾಗಲೂ ಹೇಳುವ ಕಥೆ ಫ್ರಾಂಜ್ ಯೆಗರ್‌ಸ್ಟೆಟರ್ ಅವರದ್ದು. ಆಸ್ಟ್ರಿಯಾದ ಒಂದು ಹಳ್ಳಿಯ ರೈತ. ಹೆಂಡತಿ, ಮೂವರು ಪುಟ್ಟ ಹೆಣ್ಣುಮಕ್ಕಳು. ಹಿಟ್ಲರನ ಯುದ್ಧ ಅನ್ಯಾಯದ್ದು, ಅವನ ಸೈನ್ಯದಲ್ಲಿ ಹೋರಾಡುವುದಿಲ್ಲ ಅಂದುಬಿಟ್ಟರು. ಬಿಷಪರ ಹತ್ತಿರ ಹೋಗಿ ಕೇಳಿದರು. ಸಂಸಾರದ ಕಡೆ ನೋಡು ಅನ್ನುವ ಬುದ್ಧಿಮಾತು ಸಿಕ್ಕಿತು. ಆದರೂ ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವರ ತಲೆ ಕಡಿದರು. 2007ರಲ್ಲಿ ಧರ್ಮಸಭೆ ಅವರನ್ನು ಧನ್ಯರು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಅಂತ ಘೋಷಿಸಿತು. ಈ ಕಥೆ ಹೇಳಿದಾಗ ಹಿಂದಿನ ಬೆಂಚೂ ಸುಮ್ಮನಾಗುತ್ತದೆ. ಆಮೇಲೆ ಪ್ರಶ್ನೆಗಳ ಸುರಿಮಳೆ. ಹಾಗಾದರೆ ಬಿಷಪರು ತಪ್ಪಾ? ಆ ಹೆಣ್ಣುಮಕ್ಕಳ ಗತಿ? ನನ್ನ ಅಪ್ಪ ಹೀಗೆ ಮಾಡಿದ್ದರೆ ನಾನು ಕ್ಷಮಿಸುತ್ತಿದ್ದೆನಾ? ಇವಕ್ಕೆಲ್ಲ ಒಂದೇ ಸಾಲಿನ ಉತ್ತರ ಇಲ್ಲ. ಮನುಷ್ಯ ದೇವರೊಬ್ಬನ ಜೊತೆಗೇ ಇರುವ ಜಾಗ ಮನಸ್ಸಾಕ್ಷಿ ಅಂತ ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಆ ಜಾಗಕ್ಕೆ ಪರೀಕ್ಷೆಯ ಗೈಡ್ ಪುಸ್ತಕ ಹಿಡಿದುಕೊಂಡು ಹೋಗಲು ಆಗುವುದಿಲ್ಲ.

ಇನ್ನೊಂದು ವಿಷಯ ಬಹಳ ದಿನದಿಂದ ಕೊರೆಯುತ್ತಿದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಕಥೋಲಿಕ ಮಕ್ಕಳು ಒಂದು ಕೋಣೆಗೆ ಧರ್ಮೋಪದೇಶಕ್ಕೆ, ಉಳಿದವರು ಇನ್ನೊಂದು ಕೋಣೆಗೆ ಮಾರಲ್ ಸೈನ್ಸ್‌ಗೆ. ಹತ್ತನೇ ಕ್ಲಾಸು ಬಂದರೆ ಆ ಎರಡನೇ ಕೋಣೆಗೆ ಗಣಿತದ ಟೀಚರ್ ಬಂದು ಬಾಕಿ ಪಾಠ ಮುಗಿಸುತ್ತಾರೆ. ಪ್ರಾರ್ಥನೆ, ಸಂಸ್ಕಾರ ಬೇರೆ ಬೇರೆ ಇರಲಿ, ಅದು ಸರಿಯೇ. ಆದರೆ ಜರ್ನಲ್‌ನಲ್ಲಿ 10 ಅಂತ ಬರೆದದ್ದು ಎರಡೂ ಕೋಣೆಯ ಮಕ್ಕಳು. ಧರ್ಮಶಾಸ್ತ್ರ ಸಿಗದವರ ಹೃದಯದಲ್ಲೂ ದೇವರ ನಿಯಮ ಬರೆದಿದೆ, ಅವರ ಮನಸ್ಸಾಕ್ಷಿಯೂ ಸಾಕ್ಷಿ ಹೇಳುತ್ತದೆ ಅಂತ ಸಂತ ಪೌಲರೇ ರೋಮನರಿಗೆ ಬರೆದಿದ್ದಾರೆ. ಹಾಗಿದ್ದ ಮೇಲೆ ಸರಿ ತಪ್ಪಿನ ಮಾತನ್ನು ಒಟ್ಟಿಗೆ ಕೂತು ಆಡಿದರೆ ಯಾರಿಗೆ ನಷ್ಟ?

ತಂದೆತಾಯಿಯರಿಗೂ ಒಂದು ಮಾತಿದೆ. ಹಿಂದೊಮ್ಮೆ ಒಬ್ಬ ಹುಡುಗ ಏಳನೇ ಕಟ್ಟಳೆಯ ಪಾಠ ಕೇಳಿ ಮನೆಗೆ ಹೋಗಿ, ನಾವು ಫ್ಲಾಟಿಗೆ ಕೊಟ್ಟ ಬ್ಲ್ಯಾಕ್ ಹಣ ಕಳ್ಳತನವಾ ಅಂತ ಕೇಳಿದನಂತೆ. ರಾತ್ರಿಯೇ ಅಪ್ಪನ ಫೋನು. ‘ಟೀಚರ್, ನೀವು ಪ್ರಾರ್ಥನೆ ಕಲಿಸಿ ಸಾಕು. ನಮ್ಮ ಮನೆ ವಿಷಯ ನಿಮಗೆ ಬೇಡ.’ ಮನೆ ವಿಷಯ ನಾನು ಎತ್ತಿರಲಿಲ್ಲ. ಕದಿಯಬೇಡ ಅನ್ನುವ ಕಟ್ಟಳೆಯ ಕೆಳಗೆ ತೆರಿಗೆ ತಪ್ಪಿಸುವುದು, ಸುಳ್ಳು ಬಿಲ್ಲು, ಕಾಟಾಚಾರದ ಕೆಲಸ, ಇದನ್ನೆಲ್ಲ ಧರ್ಮೋಪದೇಶ ಗ್ರಂಥವೇ ಹೆಸರಿಸಿದೆ. ನಾನು ಅದನ್ನು ಓದಿದೆ, ಅಷ್ಟೇ. ಮುಂಬೈಯಲ್ಲಿ ಒಂದು ಮನೆ ಮಾಡುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆ ಅಪ್ಪ ಮಗನನ್ನು ಕೂರಿಸಿಕೊಂಡು, ಹೌದು ಮಗಾ, ನನಗೂ ಅದು ಸರಿ ಅನ್ನಿಸಲಿಲ್ಲ, ಬಿಲ್ಡರ್ ಹೀಗೆ ಹೇಳಿದ, ನಾನು ಹೀಗೆ ಮಾಡಿದೆ ಅಂತ ಹೇಳಿದ್ದರೆ ನನ್ನ ಇಡೀ ವರ್ಷದ ಪಾಠಕ್ಕಿಂತ ಜಾಸ್ತಿ ಆಗುತ್ತಿತ್ತು. ಮಕ್ಕಳು ನಮ್ಮಿಂದ ದೇವರಂಥ ನಡತೆ ಕೇಳುತ್ತಿಲ್ಲ. ಕೇಳಿದ್ದಕ್ಕೆ ಮುಖ ತಿರುಗಿಸಬೇಡಿ ಅಂತಿದ್ದಾರೆ.

ಈಗಿನ ಮಕ್ಕಳ ಪ್ರಶ್ನೆಗಳೇ ಬೇರೆ. ಪ್ರಾಜೆಕ್ಟನ್ನು ಎಐ ಹತ್ತಿರ ಬರೆಸಿದರೆ ಅದು ಮೋಸವಾ? ಗೆಳತಿಯ ಫೋಟೋ ಗ್ರೂಪಿನಲ್ಲಿ ಬಂದಾಗ ನಾನು ಸುಮ್ನೆ ನೋಡಿ ಬಿಟ್ಟರೆ ನಂದೂ ತಪ್ಪಾ? ಎಐ ಬಗ್ಗೆ ವ್ಯಾಟಿಕನ್ 2025ರ ಜನವರಿಯಲ್ಲೇ ಒಂದು ದೊಡ್ಡ ಟಿಪ್ಪಣಿ ಹೊರಡಿಸಿದೆ. ರೋಮ್ ಅಷ್ಟು ಮುಂದೆ ಹೋಗಿರುವಾಗ ನಾವು ಇನ್ನೂ ಬಿಟ್ಟ ಸ್ಥಳ ತುಂಬಿರಿ ಕೊಟ್ಟುಕೊಂಡು ಕೂತರೆ ಹೇಗೆ?

ಪ್ರಶ್ನೆಪತ್ರಿಕೆ ಬದಲಾಗದೆ ಪಾಠ ಬದಲಾಗುವುದಿಲ್ಲ. ಅದಕ್ಕೆ ನಮ್ಮ ಫಾದರ್‌ಗೆ ಬರೆದುಕೊಟ್ಟಿದ್ದೇನೆ. ವ್ಯಾಖ್ಯೆಗೆ ಅರ್ಧ ಅಂಕ ಇರಲಿ. ಉಳಿದರ್ಧಕ್ಕೆ ಜರ್ನಲಿನಂಥ ಒಂದು ಘಟನೆ ಕೊಟ್ಟು, ನೀನಾಗಿದ್ದರೆ ಏನು ಮಾಡುತ್ತಿದ್ದೆ, ಯಾಕೆ ಅಂತ ಕೇಳಿ. ತೀರ್ಮಾನಕ್ಕೆ ಅಲ್ಲ, ಕೊಟ್ಟ ಕಾರಣಕ್ಕೆ ಅಂಕ ಹಾಕಿ. ಓದಿ ಹೇಳುತ್ತೇನೆ ಅಂದಿದ್ದಾರೆ. ವಸಾಯಿ, ಮೀರಾ ರೋಡ್, ಕುರ್ಲಾ ಕಡೆ ಪಾಠ ಹೇಳುವವರು ಇದನ್ನು ಓದುತ್ತಿದ್ದರೆ, ನಿಮ್ಮ ಮಕ್ಕಳು ಕೇಳಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ನನಗೆ ಮೆಸೇಜ್ ಮಾಡಿ. ಮಕ್ಕಳ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಫಾದರ್ ಒಪ್ಪಿದರೆ ಪತ್ರಿಕೆಗೆ ಅವೇ ಬೇಕಾಗುತ್ತವೆ. ಒಪ್ಪದಿದ್ದರೆ ನನ್ನ ಕ್ಲಾಸಿನಲ್ಲಿ ಅವನ್ನೇ ಎತ್ತಿಕೊಳ್ಳುತ್ತೇನೆ.