ಬುದ್ಧನಿಗೆ ಹುಣಸೆಹುಳಿ

ಬೈಲಕುಪ್ಪೆಯ ಅಂಗಡಿಯವರು ಹಿತ್ತಾಳೆಯ ಬುದ್ಧನನ್ನು ಕಾಗದದಲ್ಲಿ ಸುತ್ತುತ್ತಾ ಮೂರು ಮಾತು ಹೇಳಿದ್ದರು. ನೀರು ತಾಗಿಸಬೇಡಿ, ಹುಳಿ ಹಾಕಿ ಉಜ್ಜಬೇಡಿ, ಮೆತ್ತನೆಯ ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ವೈದ್ಯರು ಉಪ್ಪು ಕಡಿಮೆ ಮಾಡಿ ಎಂದಾಗ ಹೇಗೆ ತಲೆಯಾಡಿಸುತ್ತೇನೋ ಹಾಗೆಯೇ ತಲೆಯಾಡಿಸಿ, ಚೀಲ ಹೆಗಲಿಗೇರಿಸಿಕೊಂಡು ಮಡಿಕೇರಿಯ ಬಸ್ಸು ಹತ್ತಿದ್ದೆ.

ಒಂದೂವರೆ ಗೇಣಿನ ಮೂರ್ತಿ. ಮೇಣದ ಪ್ರತಿಮೆ ಮಾಡಿ, ಅದರ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಎರಕ ಹೊಯ್ದದ್ದು, ಒಳಗೆ ಟೊಳ್ಳು. ಮುಖಕ್ಕೆ ಬಂಗಾರದ ಲೇಪ, ಗುಂಗುರು ಕೂದಲಿಗೆ ನೀಲಿ. ಟಿಬೆಟಿಯನ್ನರು ಪ್ರತಿಷ್ಠೆ ಮಾಡುವಾಗ ಈ ಟೊಳ್ಳಿನಲ್ಲಿ ಮಂತ್ರ ಬರೆದ ಕಾಗದದ ಸುರುಳಿಗಳನ್ನು ತುಂಬಿ, ಅಡಿಗೆ ತಗಡು ಬಡಿದು ಮುಚ್ಚುತ್ತಾರೆ. ಮತ್ತೆ ತೆರೆಯುವಂತಿಲ್ಲ. ನನ್ನದು ಪ್ರತಿಷ್ಠೆಯಾಗದ ಬುದ್ಧ. ತಗಡನ್ನು ಉಗುರಿನಿಂದ ಎಬ್ಬಿಸಬಹುದಿತ್ತು. ಈ ವಿವರವನ್ನೆಲ್ಲ ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ಎಲ್ಲರೆದುರು ಭಾಷಣ ಬಿಗಿದೆ. ಬಿಗಿಯಬಾರದಿತ್ತು.

ಅಮ್ಮ ಅವನನ್ನು ದೇವರ ಕೋಣೆಯಲ್ಲಿಡಬೇಕೆಂದಳು. ಇದು ಕಲೆ, ಚಾವಡಿಯಲ್ಲಿರಲಿ ಎಂದೆ ನಾನು. "ಕದ್ರಿಗೆ ಹೋದಾಗ ಲೋಕೇಶ್ವರನಿಗೆ ಕೈಮುಗಿಯುವುದಿಲ್ಲವೇ? ಇವನೇನು ಹೊರಗಿನವನೇ?" ಎಂದಳು. ಮಂಗಳೂರಿನ ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರನನ್ನು ಆಳುಪ ದೊರೆ ಕುಂದವರ್ಮ ಪ್ರತಿಷ್ಠೆ ಮಾಡಿಸಿದನೆಂದು ಕ್ರಿ.ಶ. 968ರ ಶಾಸನ ಹೇಳುತ್ತದೆ. ಸಾವಿರ ವರ್ಷದಿಂದ ಕುಳಿತಿರುವ ಬೋಧಿಸತ್ವನೆದುರು ನನ್ನ ವಾದ ಎರಡು ನಿಮಿಷವೂ ನಿಲ್ಲಲಿಲ್ಲ. ಕಡೆಗೆ ದೇವರ ಕೋಣೆಯ ಬಾಗಿಲ ಪಕ್ಕ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ ಸಿಕ್ಕಿತು. ಕಾಸರಗೋಡಿನ ಕನ್ನಡಿಗರಿಗೆ ಅಭ್ಯಾಸವಿರುವ ಜಾಗವೇ.

ಬಲಗೈಯಲ್ಲಿ ಅವನು ಹಿಡಿದ ಕಾಯಿ ಯಾವುದೆಂಬುದು ಬಂದವರಿಗೆಲ್ಲ ಒಗಟಾಯಿತು. ಲಡ್ಡು ಎಂದರು, ನಿಂಬೆ ಎಂದರು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಅಡಿಕೆ, ಸಂಶಯವೇ ಇಲ್ಲ" ಎಂದ. ಅದು ಅಳಲೆಕಾಯಿ, ಇವನು ಔಷಧ ಕೊಡುವ ಭೈಷಜ್ಯ ಬುದ್ಧ ಎಂದಾಗ ಅಮ್ಮನ ಭಕ್ತಿ ಇಮ್ಮಡಿಸಿತು. ಅವಳ ಮದ್ದಿನ ಡಬ್ಬಿಯಲ್ಲಿ ಅಳಲೆಕಾಯಿಗೆ ಮೊದಲ ಸ್ಥಾನ.

ಮಳೆಗಾಲ ಬಂತು. ನಮ್ಮಲ್ಲಿ ಜೂನ್ ಕಳೆಯುವಷ್ಟರಲ್ಲಿ ಚಪ್ಪಲಿಯೂ ಬೂಷ್ಟು ಹಿಡಿಯುತ್ತದೆ, ಬುದ್ಧನ ಪಾಡೇನು? ಮೈ ಕಪ್ಪಿಟ್ಟಿತು, ಚೀವರದ ಮಡಿಕೆಗಳಲ್ಲಿ ತೋಟಕ್ಕೆ ಸಿಂಪಡಿಸುವ ಮೈಲುತುತ್ತಿನದೇ ಬಣ್ಣದ ಕಿಲುಬು ಮೂಡಿತು.

ತುಳುವರ ಆಟಿ ತಿಂಗಳ ಕೊನೆಯ ವಾರ. ಮುಂದೆ ಬರುವ ಸೋಣ ತಿಂಗಳ ಹೊಸ್ತಿಲು ಪೂಜೆಗೆಂದು ಅಮ್ಮ ಬಾಲ್ದಿಯಲ್ಲಿ ಹುಣಸೆಹುಳಿ, ಬಿಂಬುಳಿ ಕಿವುಚಿ, ದೀಪಗಳನ್ನು ಮುಳುಗಿಸಿ ಹಟ್ಟಿಗೆ ಹೋದಳು. ಕಾಲುದೀಪವೊಂದು ನೋಡನೋಡುತ್ತಲೇ ಬಂಗಾರವಾಯಿತು. ಐದೇ ನಿಮಿಷವೆಂದುಕೊಂಡು ಬುದ್ಧನನ್ನೂ ಇಳಿಸಿದೆ. ಅಷ್ಟರಲ್ಲಿ ಪುತ್ತೂರಿನ ಭಾವನ ಫೋನು. ನಮ್ಮಲ್ಲಿ ಮಾತು ಕೇಳಿಸುವುದು ಅಂಗಳದ ತುದಿಯ ಹಲಸಿನ ಮರದ ಬುಡದಲ್ಲಿ ಮಾತ್ರ. ವಿಷಯ ಅಡಿಕೆ ಧಾರಣೆ. ಅದು ಐದು ನಿಮಿಷದಲ್ಲಿ ಮುಗಿದ ದಾಖಲೆ ನಮ್ಮ ವಂಶದಲ್ಲಿಲ್ಲ.

ಹಿಂದಿರುಗಿದಾಗ ಬುದ್ಧ ಗುಲಾಬಿಯಾಗಿದ್ದ. ಕೂದಲಿನ ನೀಲಿ ಬಾಲ್ದಿಯಲ್ಲಿ, ಮುಖದ ಬಂಗಾರ ಎಲ್ಲಿಯೋ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಸಂಸಾರ. ಹುಳಿ ಸ್ವಲ್ಪ ಹೊತ್ತು ಇದ್ದರೆ ಮೇಲಿನ ಕಪ್ಪನ್ನಷ್ಟೇ ತಿನ್ನುತ್ತದೆ. ತಳವೂರಿದರೆ ಸತುವನ್ನೇ ಕರೆದುಕೊಂಡು ಹೋಗುತ್ತದೆ, ತಾಮ್ರ ಒಂಟಿಯಾಗಿ ಕೆಂಪೇರಿ ಕುಳಿತಿರುತ್ತದೆ. ಅಡಿಕೆಗೆ ಮದ್ದು ಬಿಡಿಸಿ ಬಂದ ಅಪ್ಪ ನೀಲಿ ಅಂಗಿಯಲ್ಲೇ ಬಗ್ಗಿ ನೋಡಿ, "ಸುಣ್ಣ ಸಾಲದು" ಎಂದ. ತೋಟದ ಮದ್ದೆಂದರೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಗೆ ತಾಮ್ರ ಹತ್ತಿ ಹೀಗೇ ಕೆಂಪಾಗುತ್ತದೆ. ಅಪ್ಪನ ರಸಾಯನಶಾಸ್ತ್ರ ಅಷ್ಟಕ್ಕೆ ಶುರುವಾಗಿ ಅಷ್ಟಕ್ಕೇ ಮುಗಿಯುತ್ತದೆ.

ಎತ್ತಿದಾಗ ಒಳಗೆ ನೀರು ಕುಲುಕಿತು. ತಗಡು ಎಬ್ಬಿಸಿ ಬೋರಲು ಹಾಕಿದೆ. ಹುಳಿನೀರಿನ ಹಿಂದೆಯೇ ಕಾಗದದ ಸುರುಳಿಯೊಂದು ಮುದ್ದೆಯಾಗಿ ಜಾರಿತು. ಬಿಡಿಸಿದರೆ ಬಣ್ಣವೆಲ್ಲ ಕರಗಿ, ಮಲಯಾಳದಲ್ಲಿ 'ಭಾಗ್ಯ' ಎಂಬಷ್ಟು ಉಳಿದಿತ್ತು. ಮಲಯಾಳದಲ್ಲಿ ಲಾಟರಿಗೆ 'ಭಾಗ್ಯಕ್ಕುರಿ' ಎನ್ನುತ್ತಾರೆ. ಇಲ್ಲಿ 'ಕ್ಕುರಿ'ಯೂ ಇಲ್ಲ, ಅಂಕೆಯೂ ಇಲ್ಲ. ಲಾಟರಿ ತಂದರೆ ಮನೆಗೆ ಸೇರಿಸುವುದಿಲ್ಲ ಎಂದು ಅಮ್ಮ ಅಪ್ಪನಿಗೆ ತಾಕೀತು ಮಾಡಿ ಎಷ್ಟೋ ವರ್ಷಗಳಾಗಿವೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬುದ್ಧನ ಮುಖ ನೋಡಿದ.

ಅಮ್ಮ ಹಾಲಿನ ತಂಬಿಗೆ ಹಿಡಿದು ಬಂದಳು. ಕನ್ನಡ ಶಾಲೆಯಲ್ಲಿ ಓದಿದ ಅವಳಿಗೆ ಮಲಯಾಳದ ಲಿಪಿ ಬಾರದು. ಕಾಗದವನ್ನು ಕಂಡು ದನಿ ತಗ್ಗಿಸಿ, "ಟಿಬೆಟಿನ ಅಕ್ಷರವೇ? ನೀನು ಹೇಳಿದ ಮಂತ್ರವೇ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ "ಹೌದು" ಎಂದ.

ಅಮ್ಮ ಕೈತೊಳೆದು ಬಂದು, ಮುದ್ದೆಯನ್ನು ಬಾಳೆಲೆಯ ತುಂಡಿನಲ್ಲಿ ತೆಗೆದುಕೊಂಡು ಹೋಗಿ ತುಳಸಿಯ ಬುಡದಲ್ಲಿಟ್ಟು ಕೈಮುಗಿದಳು. ಅಪ್ಪನೂ ಪಕ್ಕದಲ್ಲಿ ನಿಂತು ಮುಗಿದ, ಅವಳಿಗಿಂತ ತುಸು ಹೆಚ್ಚೇ ಹೊತ್ತು.